ಬೆಳಕಿನ ಇಕ್ಕಳ

ಬೆಳಗಿನ ಹೊತ್ತು ಜಾಲಂಧ್ರದಿಂದ ಒಳಕ್ಕೆ ಇಳಿದ ಬಿಸಿಲುಕೋಲಿನಲ್ಲಿ ಧೂಳಿಯ ಕಣಗಳು ಆಡುತ್ತಿರುವುದನ್ನು ಕಾಣದೆ ಬೆಳೆದವರು ವಿರಳ. ಮಕ್ಕಳು ಅದನ್ನು ಹಿಡಿಯಹೋಗುತ್ತಾರೆ; ಕೈಯೊಡನೆ ಹೊರಟ ಗಾಳಿಯೇ ಅದನ್ನು ಅಟ್ಟಿಬಿಡುತ್ತದೆ. ತರ್ಕಶಾಸ್ತ್ರವನ್ನು ಓದುವ ವಿದ್ಯಾರ್ಥಿಗೆ ಆ ಕಣದ ಹೆಸರು ತ್ರಸರೇಣು. ಮನುಸ್ಮೃತಿಯಲ್ಲಿ ತೂಕದ ಮಾನಗಳನ್ನು ಹೇಳುವಾಗ ಎಲ್ಲಕ್ಕೂ ಮೊದಲನೆಯದಾಗಿ ಎಣಿಸಿರುವುದು ಇದನ್ನೇ. ನೈಯಾಯಿಕರು ಇದರಿಂದ ಇನ್ನೂ ಮುಂದಕ್ಕೆ ಹೋದರು. ಅದು ಕಣ್ಣಿಗೆ ಕಾಣುವ ವಸ್ತುವಾದುದರಿಂದ ಅದಕ್ಕೆ ಅವಯವಗಳಿರಬೇಕು. ಆ ಅವಯವಗಳಿಗೂ ಅವಯವಗಳಿರಬೇಕು. ಹೀಗೆ ಇಳಿಯುತ್ತ ಹೋದರೆ ಎಲ್ಲಿಯಾದರೂ ನಿಲ್ಲಲೇಬೇಕಾದುದರಿಂದ, ನಿಂತ ಎಡೆಯೇ ಪರಮಾಣುವೆಂದು ಅವರು ನಿರ್ಣಯಿಸಿದರು. ಕಣ್ಣು ಸೋತ ಸ್ಥಳದಲ್ಲಿ ಅನುಮಾನವು ಕೆಲಸವನ್ನು ವಹಿಸಿಕೊಂಡಿತು.

ಅನುಮಾನವು ಅಷ್ಟು ದೂರ ನಡೆದರೂ, ಆ ಕಣವನ್ನು ಹಿಡಿದು ನಿಲ್ಲಿಸುವ ಉಪಾಯವು ಬಹುಕಾಲ ಯಾರಿಗೂ ಹೊಳೆಯಲಿಲ್ಲ. ಅದು ಸಾಧ್ಯವಾದುದು 1970ನೆಯ ಇಸವಿಯಿಂದ ಈಚೆಗೆ. ಅದೂ ಕೈಯಿಂದಲ್ಲ, ಸಲಾಕೆಯಿಂದಲ್ಲ, ಕಣವನ್ನು ತೋರಿಸುತ್ತಿದ್ದ ಬೆಳಕಿನಿಂದಲೇ. ಹಾಗೆ ಹಿಡಿದ ಕಣದ ನೆರವಿನಿಂದ ವಿಜ್ಞಾನಿಗಳು ಪ್ರಾಣಿಗಳ ಸಂತತಿಯ ಬರಹವನ್ನು ಹೊತ್ತಿರುವ ಡಿ.ಎನ್.ಎ. ಎಂಬ ಅಣುವೊಂದನ್ನು, ಒಂದನ್ನೇ, ಎರಡು ತುದಿಗಳಲ್ಲಿ ಹಿಡಿದು ಎಳೆದು ನೋಡಿದರು. ಇದನ್ನು ಕೇಳಿದೊಡನೆ ನಮ್ಮ ಪ್ರಾಚೀನರಿಗೆ ಇದೆಲ್ಲವೂ ತಿಳಿದಿತ್ತೆಂದು ಹೇಳಹೊರಡುವವರು ಉಂಟು. ಹಾಗೆ ಹೇಳುವುದು ಪ್ರಾಚೀನರಿಗೂ ಗೌರವವಲ್ಲ, ನವೀನರಿಗೂ ನ್ಯಾಯವಲ್ಲ. ಅವರದು ಅನುಮಾನ, ಇವರದು ಪ್ರತ್ಯಕ್ಷ. ಎರಡೂ ಪ್ರಮಾಣಗಳೇ, ಆದರೆ ಒಂದನ್ನು ಇನ್ನೊಂದೆಂದು ಕರೆಯುವುದು ಪ್ರಮಾಣವಿಚಾರವನ್ನು ಬಲ್ಲವರ ಲಕ್ಷಣವಲ್ಲ.

ಬೆಳಕಿಗೆ ತಳ್ಳುವ ಶಕ್ತಿ ಉಂಟೆಂಬುದು ಲೋಕಾನುಭವಕ್ಕೆ ವಿರುದ್ಧವಾಗಿ ತೋರುವ ಮಾತು. ದೀಪದ ಮುಂದೆ ಕುಳಿತವನನ್ನು ದೀಪವು ಹಿಂದಕ್ಕೆ ದೂಡುವುದಿಲ್ಲ. ಆದರೂ ಧೂಮಕೇತುವಿನ ಬಾಲವು ಯಾವಾಗಲೂ ಸೂರ್ಯನಿಗೆ ವಿಮುಖವಾಗಿ ಚಾಚಿರುವುದನ್ನು ಕಂಡ ಕೆಪ್ಲರ್, ಸೂರ್ಯನ ಕಿರಣಗಳೇ ಅದನ್ನು ಹಾಗೆ ಅಟ್ಟುತ್ತಿರಬೇಕೆಂದು 1619ರಲ್ಲಿ ಬರೆದರು. 1873ರಲ್ಲಿ ಮ್ಯಾಕ್ಸ್‌ವೆಲ್ ಬೆಳಕಿನ ಒತ್ತಡ ಎಷ್ಟಿರಬೇಕೆಂಬುದನ್ನು ಗಣಿತದಿಂದ ತೋರಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾಸ್ಕೋವಿನ ಲೆಬೆಡೆವ್ ಅವರೂ, ಅಮೆರಿಕೆಯ ನಿಕೊಲ್ಸ್ ಮತ್ತು ಹಲ್ ಅವರೂ ಪ್ರಯೋಗಶಾಲೆಯಲ್ಲಿ ಅದನ್ನು ಅಳೆದರು. ಆದರೆ ಅಳೆದ ಬಲವು ಅತ್ಯಲ್ಪ. ಒಂದು ವಾಟಿನ ಸಾವಿರದಲ್ಲೊಂದು ಪಾಲಿನಷ್ಟು ಬೆಳಕು ಒಂದು ವಸ್ತುವಿನ ಮೇಲೆ ಬಿದ್ದು ಹೀರಿಹೋದರೆ ಅದು ತಳ್ಳುವುದು ಮೂರು ಪಿಕೋನ್ಯೂಟನ್‌ಗಳಷ್ಟು ಮಾತ್ರ. ಮನುಷ್ಯನ ರಕ್ತದ ಒಂದು ಕೆಂಪು ಕಣದ ತೂಕವು ಹೆಚ್ಚು ಕಡಮೆ ಒಂದು ಪಿಕೋನ್ಯೂಟನ್ ಎಂದರೆ ಆ ಬಲದ ಅಲ್ಪತ್ವವನ್ನು ಊಹಿಸಿಕೊಳ್ಳಬಹುದು. ಇಷ್ಟು ಅಲ್ಪವಾದುದರಿಂದ ಯಾವ ಪ್ರಯೋಜನವೂ ಇರಲಾರದೆಂದು ಯಾರಿಗಾದರೂ ತೋರುವುದು ಸಹಜ.

ಹಾಗೆ ತೋರದಿದ್ದವರು ಅಮೆರಿಕೆಯ ಆರ್ಥರ್ ಆಷ್ಕಿನ್ ಮಹಾಶಯರು. ಇವರು 1922ರಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್‌ಲಿನ್ ಭಾಗದಲ್ಲಿ ಹುಟ್ಟಿದವರು. 1952ರಲ್ಲಿ ಬೆಲ್ ಪ್ರಯೋಗಶಾಲೆಯನ್ನು ಸೇರಿ ನಲವತ್ತು ವರ್ಷ ಅಲ್ಲಿ ಕೆಲಸ ಮಾಡಿದರು. 1960ರಲ್ಲಿ ಲೇಸರ್ ಬಂದಿತು. ಅದುವರೆಗಿನ ದೀಪಗಳ ಬೆಳಕು ಹತ್ತು ದಿಕ್ಕಿಗೆ ಚದರಿಹೋಗುತ್ತಿದ್ದರೆ, ಲೇಸರಿನ ಬೆಳಕನ್ನು ಒಂದು ಮೈಕ್ರಾನಿನಷ್ಟು, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು, ಸಣ್ಣ ಬಿಂದುವಿಗೆ ಕೂಡಿಸಬಹುದಾಯಿತು. ಬೆಳಕು ಅಲ್ಪ ಬಲದ್ದೇ ಆಗಲಿ, ಅದು ತಳ್ಳಬೇಕಾದ ವಸ್ತುವೂ ಅಷ್ಟೇ ಅಲ್ಪವಾಗಿದ್ದರೆ ಆಗುವುದೇನೆಂದು ಆಷ್ಕಿನ್ ಯೋಚಿಸಿದರು. ನೀರಿನಲ್ಲಿ ತೇಲುತ್ತಿದ್ದ, ಮೈಕ್ರಾನಿನ ಆಸುಪಾಸಿನ ಗಾತ್ರದ ಪಾರದರ್ಶಕವಾದ ಲೇಟೆಕ್ಸ್ ಗುಂಡುಗಳ ಮೇಲೆ ಲೇಸರ್ ಕಿರಣವನ್ನು ಹಾಯಿಸಿದರು. ಗುಂಡು ಕಿರಣ ಸಾಗುವ ದಿಕ್ಕಿನಲ್ಲಿ ಓಡಿತು. ಇದು ನಿರೀಕ್ಷಿಸಿದ್ದುದೇ. ನಿರೀಕ್ಷಿಸದಿದ್ದ ಇನ್ನೊಂದು ಸಂಗತಿಯೂ ಕಂಡಿತು. ಕಿರಣದ ಅಂಚಿನಲ್ಲಿದ್ದ ಗುಂಡು ಹೊರಕ್ಕೆ ತಳ್ಳಲ್ಪಡುವುದಕ್ಕೆ ಬದಲು, ಬೆಳಕು ಹೆಚ್ಚಾಗಿದ್ದ ನಡುವಿಗೆ ಸರಿದುಬಂದಿತು. 1970ರಲ್ಲಿ ಅವರು ಎದುರುಬದುರಾಗಿ ಎರಡು ಕಿರಣಗಳನ್ನು ಬಿಟ್ಟು ನಡುವೆ ಗುಂಡನ್ನು ನಿಲ್ಲಿಸಿದುದನ್ನು ಪ್ರಕಟಿಸಿದರು.

ತಳ್ಳಬೇಕಾದ ಬೆಳಕು ಸೆಳೆಯುವುದು ಹೇಗೆ? ಇದಕ್ಕೆ ಉತ್ತರವು ನದಿಯ ದಡದಲ್ಲಿ ಸಿಕ್ಕುತ್ತದೆ. ದೋಣಿಯಿಂದ ದಡಕ್ಕೆ ನೆಗೆಯುವವನು ಮುಂದಕ್ಕೆ ಹೋದಂತೆ ದೋಣಿ ಹಿಂದಕ್ಕೆ ಸರಿಯುತ್ತದಷ್ಟೆ. ಪಾರದರ್ಶಕವಾದ ಗುಂಡು ಒಂದು ಪುಟ್ಟ ಮಸೂರ. ತನ್ನೊಳಗೆ ಹೊಕ್ಕ ಕಿರಣವನ್ನು ಅದು ಬಾಗಿಸಿ ಬೇರೆ ದಿಕ್ಕಿಗೆ ಕಳುಹಿಸುತ್ತದೆ. ಕಿರಣವು ಒಂದು ಕಡೆಗೆ ಬಾಗಿದರೆ ಗುಂಡು ಅದರ ಎದುರು ಕಡೆಗೆ ಸರಿಯಲೇಬೇಕು. ಹೆಚ್ಚು ಬೆಳಕು ಬಿದ್ದ ಪಕ್ಕದಲ್ಲಿ ಈ ಪ್ರತಿಕ್ರಿಯೆ ಹೆಚ್ಚು. ಲೆಕ್ಕ ಮಾಡಿ ನೋಡಿದರೆ ಒಟ್ಟಿನಲ್ಲಿ ಗುಂಡು ಬೆಳಕಿನ ಕಡೆಗೇ ಹೋಗುತ್ತದೆ. ಹಾಗಾದರೆ ಒಂದೇ ಕಿರಣವನ್ನು ಬಲವಾದ ಮಸೂರದಿಂದ ತೀಕ್ಷ್ಣವಾಗಿ ಒಂದು ಬಿಂದುವಿಗೆ ಕೂಡಿಸಿದರೆ, ಎಲ್ಲ ದಿಕ್ಕುಗಳಿಂದಲೂ ಹೆಚ್ಚು ಬೆಳಕಿನ ಸ್ಥಾನವು ಆ ಬಿಂದುವೇ ಆಗುವುದರಿಂದ, ಗುಂಡು ಮುಂದಕ್ಕೂ ಓಡದೆ ಪಕ್ಕಕ್ಕೂ ಜಾರದೆ ಅಲ್ಲಿಯೇ ನಿಲ್ಲಬೇಕು. 1986ರಲ್ಲಿ ಆಷ್ಕಿನ್, ಡ್ಜೀಡ್ಜಿಕ್, ಬ್ಯೋರ್ಕ್‌ಹೋಮ್, ಸ್ಟೀವನ್ ಚು ಈ ನಾಲ್ವರು ಹಾಗೆಯೇ ನಿಲ್ಲುವುದನ್ನು ತೋರಿಸಿದರು. ಈ ಉಪಕರಣಕ್ಕೆ ಬೆಳಕಿನ ಇಕ್ಕಳವೆಂದು ಹೆಸರಾಯಿತು. ಆದರೆ ಅಕ್ಕಸಾಲಿಗನ ಇಕ್ಕಳಕ್ಕೂ ಇದಕ್ಕೂ ಒಂದು ಭೇದವುಂಟು. ಅವನ ಇಕ್ಕಳ ಎರಡು ಕಡೆಯಿಂದ ಅದುಮಿ ಹಿಡಿಯುತ್ತದೆ. ಇದು ಅದುಮುವುದೇ ಇಲ್ಲ. ಗುಂಡು ಸ್ವಲ್ಪ ಸರಿದರೆ ಸ್ವಲ್ಪ ಸೆಳೆಯುತ್ತದೆ. ಹೆಚ್ಚು ಸರಿದರೆ ಹೆಚ್ಚು ಸೆಳೆಯುತ್ತದೆ. ಆದುದರಿಂದ ಗುಂಡು ಎಷ್ಟು ಸರಿದಿದೆಯೆಂಬುದನ್ನು ಅಳೆದರೆ ಅದನ್ನು ಎಳೆಯುತ್ತಿರುವ ಬಲವೆಷ್ಟೆಂಬುದು ತಿಳಿದುಬರುತ್ತದೆ. ಹಿಡಿಯುವ ಸಾಧನವೇ ತೂಗುವ ತಕ್ಕಡಿಯೂ ಆಯಿತು.

ಜೀವವಸ್ತುಗಳ ಕಡೆಗೆ ಈ ವಿದ್ಯೆ ತಿರುಗಿದ ಬಗೆಯು ಗಮನಾರ್ಹವಾಗಿದೆ. ಆಷ್ಕಿನ್ ಮತ್ತು ಡ್ಜೀಡ್ಜಿಕ್ ಹೊಗೆಸೊಪ್ಪಿನ ಗಿಡಕ್ಕೆ ರೋಗ ತರುವ ವೈರಸ್ಸನ್ನು ನೀರಿನಲ್ಲಿಟ್ಟು ಹಸಿರು ಲೇಸರಿನಿಂದ ಹಿಡಿಯುತ್ತಿದ್ದರು. ಕೆಲವು ದಿನಗಳಿಂದ ಇಟ್ಟಿದ್ದ ನೀರಿನಲ್ಲಿ ತಾವಾಗಿಯೇ ಓಡಾಡುವ ವಿಚಿತ್ರ ಕಣಗಳು ಕಂಡವು. ನೋಡಿದರೆ ಅವು ಬ್ಯಾಕ್ಟೀರಿಯಗಳು. ಅವು ಬೆಳಕಿಗೆ ಸಿಕ್ಕಿಬಿದ್ದವು. ಆದರೆ ಬೆಳಕನ್ನು ಹೆಚ್ಚಿಸಿದೊಡನೆ ಸತ್ತುಹೋದವು. ಹಿಡಿದುದೇನೋ ನಿಜ, ಹಿಡಿತವೇ ಕೊಂದಿತು. ಬೇರೊಬ್ಬರಾಗಿದ್ದರೆ ಹಿಡಿದೆವೆಂಬ ತೃಪ್ತಿಯಲ್ಲಿ ನಿಲ್ಲುತ್ತಿದ್ದರೇನೋ. ಆಷ್ಕಿನ್ ಹಸಿರು ಬೆಳಕನ್ನು ಬಿಟ್ಟು, ಜೀವಕೋಶಗಳು ಬಹಳ ಕಡಮೆ ಹೀರಿಕೊಳ್ಳುವ, ಕಣ್ಣಿಗೆ ಕಾಣದ ಅವರಕ್ತ ಕಿರಣವನ್ನು ಆರಿಸಿಕೊಂಡರು. 1987ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಬ್ಯಾಕ್ಟೀರಿಯಗಳೂ ಯೀಸ್ಟ್ ಕೋಶಗಳೂ ಆ ಹಿಡಿತದಲ್ಲಿದ್ದುಕೊಂಡೇ ಒಂದು ಎರಡಾಗಿ ಸಂತತಿಯನ್ನು ಬೆಳೆಸಿದವು. ಹಿಡಿತವು ಎಷ್ಟು ಬಲವಾದುದು ಎಂಬುದಕ್ಕಿಂತ, ಹಿಡಿದುದು ತನ್ನ ಕೆಲಸವನ್ನು ತಾನು ಮಾಡಿಕೊಂಡಿದೆಯೆ ಎಂಬುದೇ ಅಲ್ಲಿಂದ ಮುಂದೆ ಈ ವಿದ್ಯೆಯ ಪರೀಕ್ಷೆಯಾಯಿತು.

ಇನ್ನು ಡಿ.ಎನ್.ಎ.ಯ ವಿಷಯ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್, ರೋಸಲಿಂಡ್ ಫ್ರಾಂಕ್ಲಿನ್ ಮುಂತಾದವರು ಕ್ಷಕಿರಣಗಳಿಂದ ಪಡೆದ ಆಧಾರಗಳನ್ನು ಕೂಡಿಸಿಕೊಂಡು, ಇದು ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡ ಹುರಿಯೆಂದು ತೋರಿಸಿದರು. ಈ ಹುರಿಯ ದಪ್ಪ ಎರಡು ನ್ಯಾನೊಮೀಟರ್, ಎಂದರೆ ಮೈಕ್ರಾನಿನ ಐನೂರರಲ್ಲೊಂದು ಪಾಲು. ಅದರಲ್ಲಿ ಅಕ್ಷರಗಳಂತೆ ಜೋಡಿಸಿದ ಮೆಟ್ಟಿಲುಗಳ ನಡುವಣ ಅಂತರ 0.34 ನ್ಯಾನೊಮೀಟರ್. ಮನುಷ್ಯನ ಒಂದೊಂದು ಜೀವಕೋಶದಲ್ಲಿಯೂ ಇಂಥ ಹುರಿಯು ಒಟ್ಟು ಸುಮಾರು 2 ಮೀಟರಿನಷ್ಟಿದೆ. ಅದು ಕೆಲವೇ ಮೈಕ್ರಾನ್ ಅಗಲದ ಕೋಶಕೇಂದ್ರದಲ್ಲಿ ಅಡಗಿಕೊಂಡಿದೆ. ಕೋಶವು ಅದನ್ನು ಸುತ್ತಬೇಕು, ಬಿಚ್ಚಬೇಕು, ಎಳೆಗಳನ್ನು ಬೇರ್ಪಡಿಸಿ ಓದಬೇಕು, ನಕಲು ಮಾಡಬೇಕು. ಆದುದರಿಂದ ಆ ಬರಹದ ಅರ್ಥ ಒಂದು ವಿಚಾರವಾದರೆ, ಬರೆದ ಹುರಿಯು ಎಷ್ಟು ಬಾಗುತ್ತದೆ, ಎಷ್ಟು ಎಳೆದರೆ ಹಿಗ್ಗುತ್ತದೆ ಎಂಬುದು ಇನ್ನೊಂದು ವಿಚಾರ. ಓಲೆಗರಿಯ ಗುಣವನ್ನರಿಯದವನು ಕಟ್ಟನ್ನು ಬಿಚ್ಚಹೋಗಿ ಗ್ರಂಥವನ್ನೇ ಮುರಿದಾನು.

ಆದರೆ ಹಿಂದೆ ಇದನ್ನು ಅರಿಯುವ ದಾರಿ ಒಂದೇ ಇತ್ತು. ಕೋಟ್ಯನುಕೋಟಿ ಅಣುಗಳನ್ನು ಒಂದು ನಳಿಗೆಯಲ್ಲಿ ಹಾಕಿ, ಎಲ್ಲವೂ ಒಟ್ಟಾಗಿ ತೋರುವ ಗುಣವನ್ನು ಅಳೆದು, ಅದೇ ಒಂದರ ಗುಣವೆಂದು ಭಾವಿಸುವುದು. ವೇದಾಂತಿಗಳ ಮಾತಿನಲ್ಲಿ ಹೇಳುವುದಾದರೆ ಸಮಷ್ಟಿಯನ್ನು ನೋಡಿ ವ್ಯಷ್ಟಿಯನ್ನು ಊಹಿಸುವುದು. ಒಂದು ತರಗತಿಯ ನಲವತ್ತು ಹುಡುಗರು ಪರೀಕ್ಷೆಯಲ್ಲಿ ಸರಾಸರಿ ನೂರಕ್ಕೆ ಐವತ್ತು ಅಂಕಗಳನ್ನು ಪಡೆದರೆಂದಿರಲಿ. ವರದಿಯನ್ನು ನೋಡಿದ ಅಧಿಕಾರಿಗೆ ಅದರಿಂದ ಶಾಲೆಯ ಸ್ಥಿತಿ ತಿಳಿಯಬಹುದು. ಆದರೆ ಐವತ್ತು ಅಂಕಗಳನ್ನೇ ಪಡೆದ ಹುಡುಗನು ಆ ತರಗತಿಯಲ್ಲಿ ಒಬ್ಬನೂ ಇಲ್ಲದಿರಬಹುದು. ಅರ್ಧ ಜನ ತೊಂಬತ್ತು ಪಡೆದಿರಬಹುದು, ಉಳಿದರ್ಧ ಹತ್ತು ಪಡೆದಿರಬಹುದು. ಸರಾಸರಿಯು ಸುಳ್ಳನ್ನು ಹೇಳುವುದಿಲ್ಲ. ಆದರೆ ಅದು ಯಾರೊಬ್ಬರ ವಿಷಯವನ್ನೂ ಹೇಳುವುದಿಲ್ಲ.

ಒಂದೇ ಅಣುವನ್ನು ಹಿಡಿದು ಎಳೆಯುವ ಕೆಲಸವನ್ನು 1992ರಲ್ಲಿ ಆರಿಗನ್ ವಿಶ್ವವಿದ್ಯಾನಿಲಯದಲ್ಲಿ ಸ್ಮಿತ್, ಫಿಂಜಿ ಮತ್ತು ಪೆರು ದೇಶದಲ್ಲಿ ಹುಟ್ಟಿದ ಕಾರ್ಲೋಸ್ ಬುಸ್ತಮಾಂತೆ ಅವರು ಅಯಸ್ಕಾಂತದ ಬಲದಿಂದಲೂ ನೀರಿನ ಸೆಳೆತದಿಂದಲೂ ಮಾಡಿದರು. ಮುಂದಿನ ವರ್ಷಗಳಲ್ಲಿ ಅದೇ ಕೆಲಸಕ್ಕೆ ಬೆಳಕಿನ ಇಕ್ಕಳವು ಒದಗಿತು. ಬಹುವಾಗಿ ಬಳಸಿದುದು ಲ್ಯಾಂಬ್ಡಾ ಎಂಬ ವೈರಸ್ಸಿನ ಡಿ.ಎನ್.ಎ. ಅದರಲ್ಲಿ 48,502 ಮೆಟ್ಟಿಲುಗಳು. ಉದ್ದ ಸುಮಾರು 16 ಮೈಕ್ರಾನ್. ಇದು ಒಂದು ಮಿಲಿಮೀಟರ್ ದಪ್ಪದ ದಾರವಾಗಿದ್ದರೆ ಎಂಟು ಮೀಟರ್ ಉದ್ದವಿರುತ್ತಿತ್ತು. ಇದರ ತುದಿಗಳಿಗೆ ಬಯೋಟಿನ್ ಎಂಬ ಪದಾರ್ಥವನ್ನು ಅಂಟಿಸುತ್ತಾರೆ. ಸ್ಟ್ರೆಪ್ಟವಿಡಿನ್ ಎಂಬ ಪ್ರೋಟೀನನ್ನು ಕಂಡರೆ ಬಯೋಟಿನ್ ಬಿಡದೆ ಹಿಡಿದುಕೊಳ್ಳುವುದರಿಂದ, ಆ ಪ್ರೋಟೀನನ್ನು ಬಳಿದ ಗುಂಡುಗಳು ಅಣುವಿನ ತುದಿಗಳಿಗೆ ಕಚ್ಚಿಕೊಳ್ಳುತ್ತವೆ. ಒಂದು ಗುಂಡನ್ನು ಗಾಜಿನ ಸೂಕ್ಷ್ಮ ನಳಿಗೆಯ ಬಾಯಲ್ಲಿ ಹೀರಿ ಹಿಡಿದು, ಇನ್ನೊಂದನ್ನು ಬೆಳಕಿನಲ್ಲಿ ಹಿಡಿದು, ನಳಿಗೆಯನ್ನು ಮೆಲ್ಲಮೆಲ್ಲನೆ ದೂರ ಸರಿಸುತ್ತಾರೆ. ಬೆಳಕು ಮುಟ್ಟುವುದು ಗುಂಡನ್ನು, ಅಣುವನ್ನಲ್ಲ. ಮಗ್ಗದ ಎಳೆಯನ್ನು ಎರಡು ತುದಿಗಳಲ್ಲಿ ಹಿಡಿದು ಬಿಗಿ ನೋಡುವ ನೇಕಾರನ ಕೆಲಸವೇ ಇದು.

ಎಳೆದಾಗ ಕಂಡುದೇನು? ಯಾರೂ ಎಳೆಯದಿದ್ದಾಗ ಅಣುವು ನೇರವಾಗಿರುವುದಿಲ್ಲ. ಸುತ್ತಲಿನ ನೀರಿನ ಕಣಗಳು ಶಾಖದಿಂದ ಸದಾ ಚಲಿಸುತ್ತ ಅದನ್ನು ನೂಕಾಡುತ್ತಿರುತ್ತವೆ. ಜಾತ್ರೆಯ ಜನಸಂದಣಿಯಲ್ಲಿ ಬಿಟ್ಟ ಉದ್ದವಾದ ಹಗ್ಗವು ನೆಟ್ಟಗೆ ನಿಲ್ಲದೆ ಕಾಲುಕಾಲಿಗೆ ಸಿಕ್ಕಿ ಮುದ್ದೆಯಾಗುವಂತೆ ಅಣುವೂ ಮುದುಡಿಕೊಂಡಿರುತ್ತದೆ. ಒಂದು ಪಿಕೋನ್ಯೂಟನ್ನಿನ ಹತ್ತರಲ್ಲೊಂದು ಭಾಗದಷ್ಟು ಎಳೆದರೆ ಸಾಕು, ಅದು ತನ್ನ ಪೂರ್ಣ ಉದ್ದದ ಅರ್ಧದಷ್ಟು ಬಿಚ್ಚಿಕೊಳ್ಳುತ್ತದೆ. ಹತ್ತು ಪಿಕೋನ್ಯೂಟನ್‌ಗಳಷ್ಟು ಎಳೆದಾಗ ಹೆಚ್ಚು ಕಡಮೆ ನೇರವಾಗುತ್ತದೆ. ಅಲ್ಲಿಂದ ಮುಂದೆ ಬಿಗಿದ ತಂತಿಯಂತೆ ಹಟ ಹಿಡಿಯುತ್ತದೆ. ಎಳೆತ ಅರುವತ್ತೈದು ಪಿಕೋನ್ಯೂಟನ್‌ಗಳಿಗೆ ಮುಟ್ಟಿದಾಗ ಒಂದು ಸೋಜಿಗ ನಡೆಯಿತು. ಬಲವನ್ನು ಹೆಚ್ಚಿಸದೆಯೇ ಅಣುವು ಸರಸರನೆ ಹಿಗ್ಗಿ ತನ್ನ ಉದ್ದದ 1.7ರಷ್ಟಾಯಿತು! ಎಳೆತವನ್ನು ಸಡಿಲಿಸಿದರೆ ಮತ್ತೆ ಹಿಂದಿನಂತಾಯಿತು. ಇದನ್ನು 1996ರಲ್ಲಿ ಬುಸ್ತಮಾಂತೆಯವರ ಗುಂಪೂ, ಫ್ರಾನ್ಸಿನ ಇನ್ನೊಂದು ಗುಂಪೂ ಪ್ರಕಟಿಸಿದವು. ಆಗ ಅಣುವಿನ ಎರಡು ಎಳೆಗಳು ಬೇರ್ಪಡುತ್ತವೆಯೋ, ಅಥವಾ ಜೊತೆಯಲ್ಲಿದ್ದುಕೊಂಡೇ ಸುತ್ತು ಬಿಚ್ಚಿಕೊಂಡು ಏಣಿಯಂತಾಗುತ್ತವೆಯೋ ಎಂದು ಬಹುಕಾಲ ವಾದ ನಡೆಯಿತು. ನೀರಿನ ಉಪ್ಪು, ಉಷ್ಣತೆ, ಅಕ್ಷರಗಳ ಜೋಡಣೆ ಇವುಗಳಿಗೆ ಅನುಸಾರವಾಗಿ ಎರಡೂ ಉಂಟೆಂಬುದು ಆಮೇಲೆ ತಿಳಿಯಿತು. ಇಬ್ಬರು ವಾದಿಗಳೂ ಗೆಲ್ಲುವ ವಾದಗಳು ಲೋಕದಲ್ಲಿ ಅಪರೂಪ.

ಜಪಾನಿನ ವಿಜ್ಞಾನಿಗಳು 1999ರಲ್ಲಿ ಇದಕ್ಕಿಂತಲೂ ನಯವಾದ ಕೆಲಸವನ್ನು ಮಾಡಿ ತೋರಿಸಿದರು. ಬೆಳಕಿನಲ್ಲಿ ಹಿಡಿದ ಗುಂಡನ್ನು ಸೂಕ್ಷ್ಮದರ್ಶಕದ ಕೆಳಗೆ ಸುತ್ತಿಸಿ, ಕುಣಿಕೆಯೊಳಗೆ ನುಸುಳಿಸಿ, ಒಂದು ಡಿ.ಎನ್.ಎ. ಅಣುವಿಗೆ ಗಂಟು ಹಾಕಿದರು. ಮೊಲ್ಲೆಯ ಹೂವನ್ನು ಕಟ್ಟುವ ಗೃಹಿಣಿಯ ಬೆರಳುಗಳು ದಿನವೂ ಮಾಡುವ ಕೆಲಸವನ್ನು, ಕಣ್ಣಿಗೆ ಕಾಣದ ದಾರದ ಮೇಲೆ, ಬೆರಳುಗಳೇ ಇಲ್ಲದೆ ಮಾಡಿದರು. 2001ರಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಫೈ 29 ಎಂಬ ವೈರಸ್ ತನ್ನ 6.6 ಮೈಕ್ರಾನ್ ಉದ್ದದ ಹುರಿಯನ್ನು ಮೈಕ್ರಾನಿನ ಇಪ್ಪತ್ತರಲ್ಲೊಂದು ಪಾಲಿನಷ್ಟು ಅಗಲದ ಭರಣಿಯೊಳಕ್ಕೆ ತುರುಕುತ್ತದೆ. ತುರುಕುವ ಯಂತ್ರವನ್ನು ಬೆಳಕಿನ ಇಕ್ಕಳದಿಂದ ಎದುರೆಳೆದು ನೋಡಿದಾಗ, ಅದು ಸುಮಾರು ಐವತ್ತೇಳು ಪಿಕೋನ್ಯೂಟನ್‌ಗಳವರೆಗೆ ಸೋಲದೆ ಕೆಲಸ ಮಾಡಿತು. ಸ್ನಾಯುಗಳನ್ನು ನಡೆಸುವ ಪ್ರೋಟೀನಿನ ಒಂದೊಂದು ಅಣುವಿಗೆ ಇರುವ ಬಲಕ್ಕಿಂತ ಇದು ಹಲವು ಪಾಲು ಹೆಚ್ಚು.

ಆದರೆ ವ್ಯಷ್ಟಿಯ ಪರಿಚಯದಿಂದ ಬಂದ ದೊಡ್ಡ ಲಾಭವು ಬಲದ ಲೆಕ್ಕವಲ್ಲ, ನಡಿಗೆಯ ಲೆಕ್ಕ. ಡಿ.ಎನ್.ಎ.ಯ ಬರಹವನ್ನು ಓದಿ ಪ್ರತಿ ತೆಗೆಯುವ ಲಿಪಿಕಾರನೊಬ್ಬನು ಜೀವಕೋಶದಲ್ಲಿದ್ದಾನೆ. ಅವನ ಹೆಸರು ಆರ್.ಎನ್.ಎ. ಪಾಲಿಮರೇಸ್. ಸ್ಟ್ಯಾನ್‌ಫರ್ಡಿನ ಸ್ಟೀವನ್ ಬ್ಲಾಕ್ ಅವರ ಗುಂಪು 2005ರಲ್ಲಿ ಅವನ ಒಂದೊಂದು ಹೆಜ್ಜೆಯನ್ನೂ ಅಳೆದು, ಅದು ಸುಮಾರು 0.34 ನ್ಯಾನೊಮೀಟರ್ ಎಂದು, ಎಂದರೆ ಒಂದು ಹೆಜ್ಜೆಗೆ ಒಂದು ಅಕ್ಷರವೆಂದು, ಕಂಡಿತು. ಮೂರು ಜಲಜನಕ ಪರಮಾಣುಗಳನ್ನು ಒತ್ತಾಗಿ ಇಟ್ಟಷ್ಟು ಮಾತ್ರದ ದೂರವದು. ಕೋಣೆಯ ಗಾಳಿಯ ಅಲುಗಾಟವೇ ಕಿರಣವನ್ನು ಕದಲಿಸಿ ಅಳತೆಯನ್ನು ಕೆಡಿಸುತ್ತಿದ್ದುದರಿಂದ, ಬೆಳಕು ಸಾಗುವ ದಾರಿಯಲ್ಲಿ ಗಾಳಿಗೆ ಬದಲು ಹೀಲಿಯಂ ಅನಿಲವನ್ನು ತುಂಬಬೇಕಾಯಿತು. ಇಂಥ ಪ್ರಯೋಗಗಳಲ್ಲಿ ತಿಳಿದುದೇನೆಂದರೆ, ಈ ಲಿಪಿಕಾರನು ಒಂದೇ ಸಮನೆ ಬರೆಯುವವನಲ್ಲ. ನಡೆಯುತ್ತಾನೆ, ನಿಲ್ಲುತ್ತಾನೆ, ಕೆಲವೊಮ್ಮೆ ಹಿಂದಕ್ಕೆ ಸರಿದು ಮತ್ತೆ ಮುಂದುವರಿಯುತ್ತಾನೆ. ತಪ್ಪು ಅಕ್ಷರ ಬಿದ್ದಾಗ ಹೀಗೆ ಹಿಂದೆ ಸರಿಯುವುದು ತಿದ್ದುವುದಕ್ಕೆ ಅನುಕೂಲ. ಅಷ್ಟೇ ಅಲ್ಲ, ಒಂದೇ ಜಾತಿಯ, ಒಂದೇ ರಚನೆಯ ಎರಡು ಲಿಪಿಕಾರರ ವೇಗವೂ ಒಂದೇ ಆಗಿರಲಿಲ್ಲ. ನಳಿಗೆಯ ಸಮಷ್ಟಿಯಲ್ಲಿ ಒಬ್ಬನು ನಿಂತಾಗ ಇನ್ನೊಬ್ಬನು ನಡೆಯುತ್ತಿದ್ದು, ಎಲ್ಲರ ನಿಲುಗಡೆಗಳೂ ಸರಾಸರಿಯಲ್ಲಿ ಕರಗಿ, ಯಾರೂ ನಿಲ್ಲುವುದೇ ಇಲ್ಲವೆಂಬಂತೆ ತೋರುತ್ತಿತ್ತು. ನಿಧಾನವಾದ ಹುಡುಗನು ತಡವರಿಸಿ, ಹಿಂದಿನ ಸಾಲಿಗೆ ಹೋಗಿ, ತಿದ್ದಿಕೊಂಡು ಬರುವ ಸಂಗತಿಯು ವಾರ್ಷಿಕ ವರದಿಯಲ್ಲಿ ಕಾಣದಂತೆಯೇ ಇದು.

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಅವಶ್ಯ. ಒಂದು ಅಣುವನ್ನು ಒಮ್ಮೆ ಎಳೆದು ನೋಡಿದಾತನು ಶಾಸ್ತ್ರವನ್ನು ಬರೆಯಲಾಗದು. ಅದರ ಒಂದು ನಡತೆ ಅದರ ಸ್ವಭಾವವೋ, ಆ ಕ್ಷಣದ ಶಾಖದ ನೂಕಾಟವೋ ತಿಳಿಯುವುದಿಲ್ಲ. ಆದುದರಿಂದ ಹತ್ತಾರು, ನೂರಾರು ಅಣುಗಳನ್ನು ಒಂದೊಂದಾಗಿ ಹಿಡಿದು ನೋಡಿ ಕೊನೆಗೆ ಸಮಷ್ಟಿಗೇ ಹಿಂದಿರುಗಬೇಕಾಗುತ್ತದೆ. ಆದರೆ ಹೀಗೆ ಹಿಂದಿರುಗಿದವನ ಸಮಷ್ಟಿಯೇ ಬೇರೆ; ಅದರಲ್ಲಿ ಒಬ್ಬೊಬ್ಬರ ಮುಖವೂ ಉಳಿದಿರುತ್ತದೆ. ಎರಡು ಗುಂಡುಗಳ ನಡುವೆ ಬಿಗಿದು ಕಟ್ಟಿದ ಅಣುವು ಜೀವಕೋಶದೊಳಗಿನ ಅಣುವಲ್ಲವೆಂಬುದನ್ನೂ ಮರೆಯಬಾರದು. ಮನೆಯಲ್ಲಿ ಅದರ ಸುತ್ತ ನೂರಾರು ಬಗೆಯ ಪ್ರೋಟೀನುಗಳು ಒತ್ತಿಕೊಂಡಿರುತ್ತವೆ. ಅವರಕ್ತ ಬೆಳಕೂ ಸಂಪೂರ್ಣ ನಿರಪಾಯವಲ್ಲ. ಹೆಚ್ಚು ಹೊತ್ತು ಹಿಡಿದರೆ ಅದೂ ಕೆಡುಕುಮಾಡುತ್ತದೆ. ಇವನ್ನು ಬಲ್ಲವರು ಹಿಡಿಯುವ ಕಾಲವನ್ನೂ ಬೆಳಕಿನ ಪ್ರಮಾಣವನ್ನೂ ಎಷ್ಟು ಬೇಕೋ ಅಷ್ಟಕ್ಕೆ ಮಿತಗೊಳಿಸುತ್ತಾರೆ.

1997ರಲ್ಲಿ, ಬೆಳಕಿನಿಂದ ಪರಮಾಣುಗಳನ್ನು ತಣಿಸಿ ಹಿಡಿದುದಕ್ಕಾಗಿ ಸ್ಟೀವನ್ ಚು ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಆಷ್ಕಿನ್ ಅವರಿಗೆ ಅದು ಬಂದುದು ಮತ್ತೆ ಇಪ್ಪತ್ತೊಂದು ವರ್ಷಗಳ ಮೇಲೆ, 2018ರಲ್ಲಿ. ಅರ್ಧ ಪಾರಿತೋಷಕವು ಅವರಿಗೆ, ಉಳಿದರ್ಧವು ಬೇರೊಂದು ಲೇಸರ್ ವಿದ್ಯೆಗಾಗಿ ಮೂರೂ ಮತ್ತು ಡೊನ್ನಾ ಸ್ಟ್ರಿಕ್‌ಲೆಂಡ್ ಅವರಿಗೆ. ಆಗ ಆಷ್ಕಿನ್ ಅವರಿಗೆ ತೊಂಬತ್ತಾರು ವರ್ಷ ವಯಸ್ಸು. ಅದುವರೆಗೆ ಅಷ್ಟು ವಯಸ್ಸಾದವರಾರೂ ಆ ಗೌರವವನ್ನು ಪಡೆದಿರಲಿಲ್ಲ. ನಿವೃತ್ತರಾದ ಮೇಲೆ ಅವರು ಮನೆಯ ನೆಲಮಾಳಿಗೆಯಲ್ಲಿಯೇ ಪ್ರಯೋಗಗಳನ್ನು ನಡೆಸಿಕೊಂಡಿದ್ದರು. ಸೂರ್ಯನ ಬೆಳಕನ್ನು ಕೂಡಿಸಿ ಶಕ್ತಿಯನ್ನು ಪಡೆಯುವ ವಿಚಾರ ಅವರ ಕಡೆಯ ಕಾಲದ ವ್ಯಾಸಂಗವಾಗಿತ್ತು. ಪಾರಿತೋಷಕದ ಸುದ್ದಿಯನ್ನು ತಿಳಿಸಲು ಕರೆದವರಿಗೆ, ತಾವು ಒಂದು ಲೇಖನವನ್ನು ಬರೆಯುವುದರಲ್ಲಿ ತೊಡಗಿರುವುದರಿಂದ ಸಂದರ್ಶನಗಳಿಗೆ ಬಿಡುವಿರದೆಂದು ಹೇಳಿದರಂತೆ. 2020ರ ಸೆಪ್ಟೆಂಬರ್ 21ರಂದು, ತೊಂಬತ್ತೆಂಟನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಬೆಳಕಿನ ಒತ್ತಡವು ಅತ್ಯಲ್ಪವೆಂದು ಹಿಂದಿನವರು ಹೇಳಿದುದು ಇಂದಿಗೂ ನಿಜವೇ. ಅದು ಅಲ್ಪವಾಗಿರುವುದರಿಂದಲೇ ಡಿ.ಎನ್.ಎ.ಯಂಥ ಕೋಮಲ ವಸ್ತುವನ್ನು ಹರಿಯದೆ ಎಳೆದು ನೋಡುವುದು ಸಾಧ್ಯವಾಯಿತು. ಪಾಠ ಹೇಳುವವರಿಗೂ, ಮಕ್ಕಳನ್ನು ಬೆಳೆಸುವವರಿಗೂ ಇದು ಅಪರಿಚಿತವಾದ ವಿಷಯವೇನಲ್ಲ. ಗದರಿಸಿ ಹಿಡಿದ ಹುಡುಗನು ಕೈಗೆ ಸಿಕ್ಕುತ್ತಾನೆ; ಆದರೆ ಅವನ ಸ್ವಭಾವವು ಸಿಕ್ಕುವುದಿಲ್ಲ. ಅವನು ಎಷ್ಟು ದೂರ ಸರಿದನೋ ಅಷ್ಟೇ ಮೃದುವಾಗಿ ಸೆಳೆದು, ನಿಂತಾಗ ನಿಲ್ಲಲು ಬಿಟ್ಟು, ಅವನೊಬ್ಬನನ್ನೇ ಕೆಲವು ಕಾಲ ನೋಡುವ ತಾಳ್ಮೆಯಿದ್ದರೆ, ಅವನು ಎಲ್ಲಿ ತಡವರಿಸುತ್ತಾನೆ, ಏಕೆ ಹಿಂದಕ್ಕೆ ಹೋಗುತ್ತಾನೆ ಎಂಬುದು ತಾನಾಗಿ ತೋರಿಬರುತ್ತದೆ. ನಲವತ್ತು ಹುಡುಗರ ತರಗತಿಯಲ್ಲಿ ಇದಕ್ಕೆ ಕಾಲವೆಲ್ಲಿ ಎಂದು ಕೇಳುವವರ ಕಷ್ಟವೂ ನಿಜವಾದುದೇ. ಒಂದೊಂದೇ ಅಣುವನ್ನು ಹಿಡಿದು ನೋಡಿದವರಿಗೂ ಅದೇ ಕಷ್ಟವಿದ್ದಿತು. ಅವರು ಒಂದರಿಂದ ಆರಂಭಿಸಿದರು.